‘ಗ್ಯಾಸ್’ ಅಂದು ನಮ್ಮನ್ನು ಮನೆಗೆ ಕಳಿಸಬೇಡಿ

ಗ್ಯಾಸ್ ಅನ್ನೋದು ಕಾಯಿಲೆಯ ಹೆಸರಲ್ಲ. ಅದು ನಾವು ಹೇಳಿಕೊಳ್ಳುವ ಕಷ್ಟ, ಅಷ್ಟೇ. ಜ್ವರ ಅಂತ ಹೋದವರಿಗೆ ‘ನಿಮಗೆ ಜ್ವರ ಬಂದಿದೆ’ ಅಂತ ಹೇಳಿ ಕಳಿಸಿದರೆ ಒಪ್ಪುತ್ತೇವಾ? ಯಾವ ಜ್ವರ, ಡೆಂಗಿನಾ, ಟೈಫಾಯ್ಡಾ ಅಂತ ಕೇಳುತ್ತೇವೆ. ಹೊಟ್ಟೆಯ ವಿಷಯಕ್ಕೆ ಬಂದರೆ ಮಾತ್ರ ಯಾರೂ ಕೇಳುವುದಿಲ್ಲ. ಅವರು ‘ಗ್ಯಾಸ್’ ಅನ್ನುತ್ತಾರೆ, ನಾವು ‘ಹೌದು ಸಾರ್’ ಅನ್ನುತ್ತೇವೆ, ಒಂದು ಪಟ್ಟಿ ಮಾತ್ರೆ ತಗೊಂಡು ಬಸ್ ಹತ್ತುತ್ತೇವೆ.

ಈ ಲೇಖನವನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇವೆ. ಯಾಕೆಂದರೆ ಈ ಸಲ ಕಷ್ಟ ನಮ್ಮ ಮನೆಯದು. ತಪ್ಪಿನಲ್ಲಿ ಸ್ವಲ್ಪ ಪಾಲು ನಮ್ಮದೂ ಇದೆ.

ಚೀಲದಲ್ಲಿ ಬಂದ ಆರು ವರ್ಷ

ನಾವಿರುವುದು ಕೆಂಗೇರಿ ಉಪನಗರದ ಒಂದು ಬಾಡಿಗೆ ಮನೆಯಲ್ಲಿ. ಸುದ್ದಿ ಕಳಿಸುವುದು ರಾಮನಗರ ಕಡೆಯ ಹಳ್ಳಿಗಳದ್ದು. ಮೈಸೂರು ರಸ್ತೆ, ರೈಲ್ವೆ ಸ್ಟೇಷನ್, ಬಸ್ ನಿಲ್ದಾಣ, 2021ರಿಂದ ಮೆಟ್ರೋ, ಎಲ್ಲವೂ ಹತ್ತಿರ. ಹಾಗಾಗಿ ಊರಲ್ಲಿ ಯಾರಿಗೆ ಹುಷಾರು ತಪ್ಪಿದರೂ ಬೆಂಗಳೂರಿನಲ್ಲಿ ಮೊದಲು ಇಳಿಯುವುದು ನಮ್ಮ ಮನೆಯಲ್ಲಿ. ಸ್ಕ್ಯಾನಿಂಗ್‌ಗೆ ಬಂದವರು, ಕಣ್ಣಿನ ಆಪರೇಷನ್‌ಗೆ ಬಂದವರು, ಹೆರಿಗೆಗೆ ಬಂದವರ ಜೊತೆ ಬಂದವರು, ಎಲ್ಲರಿಗೂ ನಮ್ಮ ಹಾಲ್‌ನಲ್ಲಿ ಒಂದು ಚಾಪೆ ಇದ್ದೇ ಇರುತ್ತದೆ.

ಹಾಗೆ ಬಂದವರು ನಮ್ಮ ದೊಡ್ಡಮ್ಮ. ವಯಸ್ಸು 58. ಬೆಳಗಿನ ರೈಲಿಗೆ ಬಂದು ಕೆಂಗೇರಿಯಲ್ಲಿ ಇಳಿದರು. ಯಾವಾಗಲೂ ಬರುವಾಗ ಬಟ್ಟೆ ಚೀಲದ ತುಂಬ ಸೊಪ್ಪು, ಅವರೆಕಾಯಿ ತರುತ್ತಿದ್ದವರು. ಈ ಸಲ ಚೀಲ ಸುರಿದರೆ ಬಿದ್ದದ್ದು ಖಾಲಿ ಮಾತ್ರೆ ಪಟ್ಟಿಗಳು.

“ನಂಗೆ ಓದೋಕ್ ಬರಲ್ವಲ್ಲ ಕಣ್ರಪ್ಪಾ, ಅದ್ಕೇ ಖಾಲಿದ್ನೂ ಇಟ್ಕೋತೀನಿ. ಅಂಗ್ಡೀಲಿ ತೋರಿಸ್ದ್ರೆ ಅದನ್ನೇ ಕೊಡ್ತಾರೆ,” ಅಂದರು.

ನೋಡಿದರೆ ಬಹುಪಾಲು ಒಂದೇ ಮಾತ್ರೆ. ಪ್ಯಾಂಟೊಪ್ರಜೋಲ್. ಊರ ಬಾಯಲ್ಲಿ ‘ಗ್ಯಾಸ್ ಮಾತ್ರೆ’. ದಿನಕ್ಕೊಂದರಂತೆ ಆರು ವರ್ಷ. ಲೆಕ್ಕ ಹಾಕಿ, ಎರಡು ಸಾವಿರ ದಾಟುತ್ತದೆ. ಇಷ್ಟು ಮಾತ್ರೆಗೆ ವೈದ್ಯರು ಬರೆದುಕೊಟ್ಟಿದ್ದ ಚೀಟಿ ಎಷ್ಟು? ಒಂದು. ಅದೂ 15 ದಿನಕ್ಕೆ.

ದೊಡ್ಡಮ್ಮನ ಕಷ್ಟ ಏನಿತ್ತು? ಬೆಳಗ್ಗೆ ಹೊಟ್ಟೆ ಸರಿಯಾಗಿರುತ್ತಿತ್ತು. ತಿಂಡಿ ತಿಂದು ಒಂದು ಗಂಟೆಗೆ ಉಬ್ಬಲು ಶುರು. ಸಂಜೆಯ ಹೊತ್ತಿಗೆ ತಮಟೆ. ಸೀರೆಯ ನಿರಿಗೆ ಸಡಿಲ ಮಾಡಿಕೊಂಡು ಕೂರಬೇಕು. ತೇಗು, ಗುಡುಗುಡು ಸದ್ದು, ವಾರದಲ್ಲಿ ಮೂರು ನಾಲ್ಕು ದಿನ ಭೇದಿ. ಬಸ್ಸಿನಲ್ಲಿ ದಾರಿ ಮಧ್ಯೆ ಎಲ್ಲಿ ಇಳಿಯುವುದು ಅನ್ನುವ ಭಯಕ್ಕೆ ಮದುವೆ, ತಿಥಿ, ಜಾತ್ರೆ ಎಲ್ಲ ಬಿಟ್ಟರು. ಎರಡು ವರ್ಷದಲ್ಲಿ ಹನ್ನೊಂದು ಕೆಜಿ ಇಳಿದರು. ಪಾದ ಜುಂ ಅನ್ನಲು ಶುರುವಾಯಿತು. ಚಪ್ಪಲಿ ಕಳಚಿ ಹೋದರೂ ಗೊತ್ತಾಗುತ್ತಿರಲಿಲ್ಲ.

ಇದಕ್ಕೆ ಅವರಿಗೆ ಸಿಕ್ಕ ಉತ್ತರಗಳು: ‘ವಯಸ್ಸಾಯ್ತಲ್ಲ.’ ‘ಖಾರ ಕಡಿಮೆ ಮಾಡಿ.’ ‘ಟೆನ್ಷನ್ ಮಾಡ್ಕೋಬೇಡಿ.’ ಒಂದು ನರ್ಸಿಂಗ್ ಹೋಮ್‌ನಲ್ಲಿ ಎಂಡೋಸ್ಕೋಪಿ ಮಾಡಿ, ರಿಪೋರ್ಟ್ ನಾರ್ಮಲ್ ಬಂತು ಅಂತ ‘ನಿಮಗೇನೂ ಇಲ್ಲಮ್ಮ’ ಅಂದರು. ಏನೂ ಇಲ್ಲದವರು ಹನ್ನೊಂದು ಕೆಜಿ ಇಳಿಯುತ್ತಾರಾ ಸ್ವಾಮಿ?

‘ಏನೂ ಇಲ್ಲ’ ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಆಸ್ಪತ್ರೆಯವರಿಗೆ ಗೊತ್ತಿಲ್ಲ. ಹಳ್ಳಿಯವರಾದ ನಿಮಗೆ ಗೊತ್ತು. ಡಾಕ್ಟರು ಏನೂ ಇಲ್ಲ ಅಂದ ಮೇಲೂ ಮನುಷ್ಯ ಸವೆಯುತ್ತಿದ್ದಾರೆ ಅಂದರೆ ಊರು ಒಂದೇ ಮಾತು ಹೇಳುತ್ತದೆ: ‘ಯಾರೋ ಮದ್ದು ಹಾಕಿದ್ದಾರೆ.’ ಊಟದಲ್ಲಿ ಮದ್ದು ಹಾಕಬೇಕಾದರೆ ಅಡುಗೆ ಮಾಡುವವರೇ ಹಾಕಬೇಕು. ಮನೆಯಲ್ಲಿ ಅಡುಗೆ ಮಾಡುವುದು ಯಾರು? ಸೊಸೆ.

ಮದ್ದು ತೆಗೆಯುವವನ ಹತ್ತಿರ ಹೋದರು. ಅವನು ಏನೋ ಕುಡಿಸಿದ, ವಾಂತಿ ಮಾಡಿಸಿದ, ಕಪ್ಪಗಿನ ಉಂಡೆಯೊಂದನ್ನು ತೋರಿಸಿ ‘ನೋಡಿ, ಇದೇ’ ಅಂದ. ಆ ವಾರವೇ ಸೊಸೆ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ನಾಲ್ಕು ತಿಂಗಳು ವಾಪಸ್ ಬರಲಿಲ್ಲ.

ಹೊಟ್ಟೆಯೊಳಗೆ ಆಗಿದ್ದೇನು

ಕೊನೆಗೆ ಗೊತ್ತಾದ ಕಾಯಿಲೆಯ ಹೆಸರು ಉದ್ದ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆಯುವುದು. ಡಾಕ್ಟರುಗಳು ಚಿಕ್ಕದಾಗಿ ‘ಸಿಬೋ’ ಅನ್ನುತ್ತಾರೆ. ಹೆಸರು ಹೊಸದಾಗಿ ಕೇಳಿಸಬಹುದು, ಒಳಗಿನ ಲೆಕ್ಕ ರೈತರಿಗೆ ಬೇಗ ಅರ್ಥವಾಗುತ್ತದೆ.

ನಮ್ಮ ಸಣ್ಣ ಕರುಳು ಸುಮಾರು 20 ಅಡಿ ಉದ್ದ. ತಿಂದ ಅನ್ನ, ಮುದ್ದೆಯ ಸತ್ವವನ್ನು ಹೀರಿಕೊಳ್ಳುವ ಜಾಗ ಅದು. ಅದಾದ ಮೇಲೆ ಸುಮಾರು 5 ಅಡಿಯ ದೊಡ್ಡ ಕರುಳು. ಬ್ಯಾಕ್ಟೀರಿಯಾಗಳ ಊರು ದೊಡ್ಡ ಕರುಳು. ಅಲ್ಲಿ ಅವು ಕೋಟಿ ಕೋಟಿ ಇರಬೇಕು, ಇದ್ದರೇ ಒಳ್ಳೆಯದು. ಸಣ್ಣ ಕರುಳಿನಲ್ಲಿ, ಅದರಲ್ಲೂ ಮೇಲ್ಭಾಗದಲ್ಲಿ, ಅವು ತೀರಾ ಕಡಿಮೆ ಇರಬೇಕು.

ಕಡಿಮೆ ಇಡುವುದು ಯಾರು? ಇಬ್ಬರು ಮುಖ್ಯ ಕಾವಲುಗಾರರು. ಒಬ್ಬ ಜಠರದ ಆಮ್ಲ. ಬಾಯಿಂದ ಒಳಗೆ ಬರುವ ಕ್ರಿಮಿಗಳನ್ನು ಅಲ್ಲೇ ಸುಡುತ್ತಾನೆ. ಇನ್ನೊಬ್ಬ ಕರುಳಿನ ಅಲೆ. ಹೊಟ್ಟೆ ಖಾಲಿ ಇರುವಾಗ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಕರುಳು ತನ್ನನ್ನು ತಾನೇ ಮೇಲಿಂದ ಕೆಳಗೆ ಗುಡಿಸಿಕೊಳ್ಳುತ್ತದೆ. ಉಳಿದಿದ್ದು ಬಳಿದಿದ್ದನ್ನೆಲ್ಲ ದೊಡ್ಡ ಕರುಳಿಗೆ ತಳ್ಳುತ್ತದೆ.

ಹರಿಯುವ ಕಾಲುವೆಗೆ ಪಾಚಿ ಕಟ್ಟುವುದಿಲ್ಲ. ನಿಂತ ನೀರಿಗೆ ಕಟ್ಟುತ್ತದೆ. ಆಮ್ಲ ಕಡಿಮೆಯಾದರೆ, ಅಲೆ ನಿಧಾನವಾದರೆ, ಅಥವಾ ದಾರಿಯಲ್ಲಿ ಎಲ್ಲಾದರೂ ಕರುಳು ಇಕ್ಕಟ್ಟಾದರೆ, ಬ್ಯಾಕ್ಟೀರಿಯಾಗಳು ಸಣ್ಣ ಕರುಳಿನಲ್ಲೇ ಬೀಡು ಬಿಡುತ್ತವೆ. ನಾವು ತಿಂದದ್ದನ್ನು ನಮಗಿಂತ ಮೊದಲು ಅವು ತಿನ್ನುತ್ತವೆ. ಹಿಟ್ಟು ಹುದುಗು ಬಂದ ಹಾಗೆ ಹೊಟ್ಟೆಯೊಳಗೆ ಗಾಳಿ. ಜೊತೆಗೆ ಬಿ12 ವಿಟಮಿನ್ನನ್ನೂ ಅವೇ ಕಬಳಿಸುತ್ತವೆ. ಬಿ12 ಇಳಿದರೆ ರಕ್ತ ಕಡಿಮೆ, ಸುಸ್ತು, ಪಾದ ಜುಂ ಅನ್ನುವುದು.

ಯಾರಿಗೆ ಇದು ಬರುವ ಸಾಧ್ಯತೆ ಹೆಚ್ಚು? ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು, ಯಾಕೆಂದರೆ ಕರುಳಿನ ನರ ಸೋತು ಅಲೆ ನಿಧಾನವಾಗುತ್ತದೆ. ಹೊಟ್ಟೆಯ ಆಪರೇಷನ್ ಆಗಿ ಒಳಗೆ ಕರುಳು ಅಂಟಿಕೊಂಡಿರುವವರು. ಕರುಳಿನ ಕ್ಷಯ ಬಂದು ವಾಸಿಯಾಗಿ ಕರುಳು ಕಿರಿದಾದವರು. ಥೈರಾಯ್ಡ್ ಕಡಿಮೆ ಇರುವವರು. ವಯಸ್ಸಾದವರು. ಮತ್ತು ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು.

ದೊಡ್ಡಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್. ಹಿಂದೆ ಗರ್ಭಕೋಶ ತೆಗೆಸಿದ್ದಾರೆ. ಆರು ವರ್ಷದಿಂದ ಗ್ಯಾಸ್ ಮಾತ್ರೆ. ಒಂದಲ್ಲ, ಮೂರು ಕಾರಣ ಮೈಮೇಲೆ ಬರೆದುಕೊಂಡೇ ಓಡಾಡುತ್ತಿದ್ದರು. ಕೇಳಿದವರಿಲ್ಲ.

ಮಾತ್ರೆ ತಪ್ಪಲ್ಲ, ಕೊಡುವ ರೀತಿ ತಪ್ಪು

ಇಲ್ಲಿ ನಾವು ಎಚ್ಚರಿಕೆಯಿಂದ ಮಾತಾಡಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕೆಟ್ಟ ಮಾತ್ರೆಗಳಲ್ಲ. ಹೊಟ್ಟೆಯ ಹುಣ್ಣಿಗೆ, ಎದೆಯುರಿಗೆ, ಹೃದಯದ ತೊಂದರೆಗೆ ಆಸ್ಪಿರಿನ್ ತಗೊಳ್ಳುವ ಎಷ್ಟೋ ಜನರ ಹೊಟ್ಟೆ ಕಾಯಲು ಅವು ಬೇಕು. ಇದನ್ನು ಓದಿ ಯಾರೂ ನಾಳೆಯೇ ಮಾತ್ರೆ ಬಿಸಾಡಬೇಡಿ. ಬಹಳ ದಿನ ತಗೊಂಡವರು ಏಕಾಏಕಿ ನಿಲ್ಲಿಸಿದರೆ ಆಮ್ಲ ಎರಡು ಪಟ್ಟು ಸಿಟ್ಟಿನಿಂದ ಬರುತ್ತದೆ. ಆಗ ‘ಮಾತ್ರೆ ಇಲ್ಲದೆ ಆಗಲ್ಲ’ ಅಂತ ಮತ್ತೆ ಅದಕ್ಕೇ ಬೀಳುತ್ತೀರಿ. ವೈದ್ಯರ ಹತ್ತಿರ ಕೇಳಿ, ನಿಧಾನವಾಗಿ ಕಡಿಮೆ ಮಾಡಬೇಕು.

ನಮ್ಮ ಜಗಳ ಮಾರುವ ರೀತಿಯ ಮೇಲೆ. ಇವು ಶೆಡ್ಯೂಲ್ ಹೆಚ್ ಔಷಧಿಗಳು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದು. ಇದನ್ನು ನಾವು ಹೇಳಬೇಕಾಗಿಲ್ಲ, ಮಾತ್ರೆ ಪಟ್ಟಿಯ ಹಿಂದೆಯೇ ಅಚ್ಚು ಹಾಕಿರುತ್ತಾರೆ, ಆದರೆ ನಮ್ಮ ದೊಡ್ಡಮ್ಮ ಓದಲಾರದ ಇಂಗ್ಲಿಷಿನಲ್ಲಿ. ಒಂದು ಸಂಜೆ ನಾವೇ ಮನೆಯ ಸುತ್ತ ಮೂರು ಮೆಡಿಕಲ್ ಅಂಗಡಿಗೆ ಹೋಗಿ ‘ಗ್ಯಾಸ್‌ಗೆ ಏನಾದ್ರೂ ಕೊಡಿ’ ಅಂದೆವು. ಮೂರರಲ್ಲೂ ಕೊಟ್ಟರು. ವಯಸ್ಸು ಕೇಳಲಿಲ್ಲ, ಎಷ್ಟು ದಿನದಿಂದ ಅಂತ ಕೇಳಲಿಲ್ಲ. ಒಬ್ಬರು ಮಾತ್ರ ಒಂದು ಪ್ರಶ್ನೆ ಕೇಳಿದರು: “ಫುಲ್ ಶೀಟಾ, ಹಾಫಾ?”

ಆಮ್ಲ ಕಡಿಮೆ ಮಾಡುವ ಮಾತ್ರೆಗೂ ಸಿಬೋಗೂ ನಂಟಿದೆ ಅನ್ನುವುದು ನಮ್ಮ ಊಹೆಯಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಗಳು 2013ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಇದನ್ನು ಹೇಳಿವೆ. ನುಂಗಿದವರಿಗೆಲ್ಲ ಬರುತ್ತದೆ ಅಂತಲ್ಲ. ಆದರೆ ಹೊಟ್ಟೆ ಉಬ್ಬರಕ್ಕೆ ಅಂತ ಕೊಟ್ಟ ಮಾತ್ರೆಯೇ ಕೆಲವರಲ್ಲಿ ಹೊಟ್ಟೆ ಉಬ್ಬರವನ್ನು ಸಾಕುತ್ತಿರಬಹುದು. ಬೆಂಕಿ ಆರಿಸಲು ಹಾಕಿದ್ದು ನೀರೋ ಸೀಮೆಎಣ್ಣೆಯೋ ಅಂತ ಆರು ವರ್ಷದಲ್ಲಿ ಒಮ್ಮೆಯಾದರೂ ಯಾರಾದರೂ ನೋಡಬೇಡವೇ?

ಉಸಿರು ಊದಿದರೆ ಗೊತ್ತಾಗುವ ಕಾಯಿಲೆ

ನಮಗೆ ಹೆಚ್ಚು ಸಿಟ್ಟು ಬಂದಿದ್ದು ಪರೀಕ್ಷೆ ಮಾಡಿಸಿದ ದಿನ. ಅದು ಅಷ್ಟು ಸರಳವಾಗಿತ್ತು.

ಸೂಜಿ ಇಲ್ಲ, ಪೈಪ್ ಇಲ್ಲ, ಅರಿವಳಿಕೆ ಇಲ್ಲ. ಹಿಂದಿನ ರಾತ್ರಿ ಬರೀ ಬಿಳಿ ಅನ್ನದಂಥ ಹಗುರ ಊಟ. ಬೆಳಗ್ಗೆ ಖಾಲಿ ಹೊಟ್ಟೆ. ಗ್ಲೂಕೋಸ್ ಅಥವಾ ಲ್ಯಾಕ್ಟುಲೋಸ್ ಕರಗಿಸಿದ ನೀರು ಕುಡಿಸುತ್ತಾರೆ. ಆಮೇಲೆ ಕಾಲು ಗಂಟೆಗೊಮ್ಮೆ ಯಂತ್ರದ ಕೊಳವೆಗೆ ಊದಬೇಕು. ಎರಡು ಮೂರು ಗಂಟೆಯ ಕೆಲಸ. ದೊಡ್ಡಮ್ಮನಿಗೆ ಶುಗರ್ ಇದ್ದಿದ್ದರಿಂದ ಲ್ಯಾಕ್ಟುಲೋಸ್ ಕೊಟ್ಟರು.

ಇದರ ಹಿಂದಿನ ತರ್ಕ ಇಷ್ಟೇ. ಮನುಷ್ಯನ ಮೈ ಹೈಡ್ರೋಜನ್ ಗಾಳಿಯನ್ನು ತಯಾರಿಸುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ತಯಾರಿಸುತ್ತದೆ. ಆ ಗಾಳಿ ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಿನಲ್ಲಿ ಹೊರಬರುತ್ತದೆ. ಕುಡಿದ ಸಿಹಿನೀರು ದೊಡ್ಡ ಕರುಳಿಗೆ ತಲುಪುವ ಮೊದಲೇ, ಒಂದೂವರೆ ಗಂಟೆಯೊಳಗೆ ಉಸಿರಿನ ಹೈಡ್ರೋಜನ್ 20 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಏರಿದರೆ, ಬ್ಯಾಕ್ಟೀರಿಯಾ ಇರಬಾರದ ಜಾಗದಲ್ಲಿದೆ ಅಂತ ಸುಳಿವು. ಉತ್ತರ ಅಮೆರಿಕದ ತಜ್ಞರು 2017ರಲ್ಲಿ ಒಟ್ಟಿಗೆ ಕೂತು ಒಪ್ಪಿದ ಅಳತೆ ಇದು. ಭಾರತದ ತಜ್ಞರ ಮುಂದಾಳತ್ವದಲ್ಲೇ ಏಷ್ಯಾ–ಪೆಸಿಫಿಕ್ ದೇಶಗಳ ವೈದ್ಯರು 2022ರಲ್ಲಿ ಸಿಬೋ ಬಗ್ಗೆ ಒಮ್ಮತದ ಮಾರ್ಗದರ್ಶನ ಪ್ರಕಟಿಸಿದರು. ಹಾಗಾಗಿ ‘ಇದೆಲ್ಲ ಫಾರಿನ್ ಕಾಯಿಲೆ’ ಅನ್ನುವ ಮಾತು ನಡೆಯುವುದಿಲ್ಲ.

ಪರೀಕ್ಷೆ ನೂರಕ್ಕೆ ನೂರು ಸರಿಯಲ್ಲ, ಅದನ್ನೂ ಹೇಳಿಬಿಡೋಣ. ಲ್ಯಾಕ್ಟುಲೋಸ್ ಕೊಟ್ಟಾಗ ಕರುಳಿನ ಓಟ ಜೋರಿದ್ದರೆ ಇಲ್ಲದ ಕಾಯಿಲೆ ಇದೆ ಅಂತ ಬರಬಹುದು. ಗ್ಲೂಕೋಸ್ ಕೊಟ್ಟಾಗ ಕರುಳಿನ ಕೆಳಭಾಗದ ಕಾಯಿಲೆ ತಪ್ಪಿಹೋಗಬಹುದು. ಅದಕ್ಕೇ ಒಳ್ಳೆಯ ವೈದ್ಯರು ಪರೀಕ್ಷೆಯ ಅಂಕಿಯ ಜೊತೆ ಮನುಷ್ಯರನ್ನೂ ನೋಡುತ್ತಾರೆ. ದೊಡ್ಡಮ್ಮನಿಗೆ ಹೊಟ್ಟೆಯ ಸ್ಕ್ಯಾನಿಂಗ್, ರಕ್ತ, ಬಿ12, ಥೈರಾಯ್ಡ್ ಎಲ್ಲ ನೋಡಿದರು. ಕ್ಷಯ, ಅಂಡಾಶಯದ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಹೊಟ್ಟೆ ಕೆಡಿಸಬಹುದು, ಬಿ12 ಇಳಿಸಬಹುದು ಅಂತ ಅದರ ಲೆಕ್ಕವನ್ನೂ ಹಾಕಿದರು.

ಆಮೇಲೆ 14 ದಿನ ರಿಫಾಕ್ಸಿಮಿನ್ ಅನ್ನುವ ಆ್ಯಂಟಿಬಯಾಟಿಕ್. ಇದು ರಕ್ತಕ್ಕೆ ಹೆಚ್ಚು ಸೇರದೆ ಕರುಳಿನಲ್ಲೇ ಕೆಲಸ ಮಾಡುತ್ತದೆ. ಜೊತೆಗೆ ಬಿ12 ಇಂಜೆಕ್ಷನ್, ಶುಗರ್ ಹತೋಟಿ, ಗ್ಯಾಸ್ ಮಾತ್ರೆ ನಿಧಾನವಾಗಿ ಬಂದ್. ಮೂರನೇ ವಾರ ದೊಡ್ಡಮ್ಮ ಸಂಜೆ ಏಳು ಗಂಟೆಗೆ ನಿರಿಗೆ ಸಡಿಲ ಮಾಡದೆ ಕೂತಿದ್ದರು. ಅವರಿಗೇ ನಂಬಿಕೆ ಬರಲಿಲ್ಲ.

ಖರ್ಚು? ಪರೀಕ್ಷೆ, ಸ್ಕ್ಯಾನಿಂಗ್, ಮಾತ್ರೆ ಸೇರಿ ನಮ್ಮ ಒಂದು ತಿಂಗಳ ಸ್ಟ್ರಿಂಗರ್ ಸಂಭಾವನೆ ಪೂರ್ತಿ ಹೋಯಿತು. ದುಡ್ಡು ಕಳೆದಿದ್ದಕ್ಕೆ ಬೇಸರವಿಲ್ಲ. ಕೆಂಗೇರಿಯಲ್ಲಿ ನೆಂಟರಿಲ್ಲದವರು ಏನು ಮಾಡುತ್ತಾರೆ ಅನ್ನುವುದೇ ಬೇಸರ.

ಎರಡನೇ ಬಲೆ ನಿಮ್ಮ ಫೋನಿನಲ್ಲಿದೆ

‘ಗ್ಯಾಸ್’ ಅಂತ ತಳ್ಳಿಹಾಕುವವರು ಒಂದು ಕಡೆ. ಎಲ್ಲದಕ್ಕೂ ಕರುಳೇ ಕಾರಣ ಅನ್ನುವವರು ಇನ್ನೊಂದು ಕಡೆ. ಫೋನಿನಲ್ಲಿ ‘ಹೊಟ್ಟೆ ಉಬ್ಬರ’ ಅಂತ ಒಮ್ಮೆ ಹುಡುಕಿ ನೋಡಿ. ಮರುದಿನದಿಂದ ಕರುಳು ತೊಳೆಯುವ ಪುಡಿ, ವಿಷ ತೆಗೆಯುವ ಜ್ಯೂಸ್, ಇಪ್ಪತ್ತೊಂದು ದಿನದ ಕೋರ್ಸ್, ಒಳ್ಳೆಯ ಬ್ಯಾಕ್ಟೀರಿಯಾ ಡಬ್ಬಿ ಎಲ್ಲ ಸಾಲಾಗಿ ಬರುತ್ತವೆ. ಅವರು ಹೇಳುವ ಲಕ್ಷಣಗಳ ಪಟ್ಟಿ ಓದಿದರೆ ಊರಿನಲ್ಲಿ ಸಿಬೋ ಇಲ್ಲದವರೇ ಇರುವುದಿಲ್ಲ.

ಹೊಟ್ಟೆ ಉಬ್ಬರಕ್ಕೆ ನೂರು ಕಾರಣ. ದಕ್ಷಿಣ ಭಾರತದಲ್ಲಿ ಬಹಳ ಜನಕ್ಕೆ ದೊಡ್ಡವರಾದ ಮೇಲೆ ಹಾಲು ಜೀರ್ಣವಾಗುವುದಿಲ್ಲ. ಅವರಿಗೆ ಹಾಲು ಬಿಟ್ಟರೆ ಸಾಕು, ಮೊಸರು ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಐಬಿಎಸ್. ಎಲ್ಲದಕ್ಕೂ ಒಂದೇ ಹೆಸರು ಇಡುವುದಾದರೆ ‘ಗ್ಯಾಸ್’ಗೂ ‘ಸಿಬೋ’ಗೂ ಏನು ವ್ಯತ್ಯಾಸ?

ಇನ್ನೂ ದೊಡ್ಡ ಅಪಾಯ ಆ್ಯಂಟಿಬಯಾಟಿಕ್. ‘ಅವರಿಗೆ ವಾಸಿಯಾಯ್ತಂತೆ, ನನಗೂ ಅದೇ ಕೊಡಿ’ ಅಂತ ಅಂಗಡಿಗೆ ಹೋಗಬೇಡಿ. ರಿಫಾಕ್ಸಿಮಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ನಿನ ಕುಲಕ್ಕೇ ಸೇರಿದ ಔಷಧಿ. ಕ್ಷಯ ಇನ್ನೂ ಮನೆ ಮನೆಗೆ ಬರುವ ದೇಶದಲ್ಲಿ ಇಂಥದ್ದನ್ನು ಪೆಪ್ಪರ್ಮೆಂಟ್ ಥರ ಹಂಚಬಾರದು.

ಮತ್ತೆ, ಒಂದು ಕೋರ್ಸಿಗೆ ಮುಗಿಯುವ ಕಥೆಯೂ ಇದಲ್ಲ. ಇಟಲಿಯ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಸಿಯಾದವರ ಪೈಕಿ ನೂರಕ್ಕೆ ಸುಮಾರು 44 ಜನರಿಗೆ ಒಂಬತ್ತು ತಿಂಗಳಲ್ಲಿ ಮರಳಿ ಬಂದಿತ್ತು. ದೊಡ್ಡಮ್ಮನಿಗೂ ಏಳನೇ ತಿಂಗಳಿಗೆ ಮರಳಿತು. ಮತ್ತೆ ಕೆಂಗೇರಿ, ಮತ್ತೆ ಕೊಳವೆಗೆ ಊದುವುದು, ಮತ್ತೆ ಮಾತ್ರೆ. ಮೂಲ ಕಾರಣ, ಅಂದರೆ ಶುಗರ್, ಹತೋಟಿಗೆ ಬಂದ ಮೇಲೆ ಈಗ ಪರವಾಗಿಲ್ಲ. ಪಾದದ ಜುಂ ಮಾತ್ರ ಪೂರ್ತಿ ಹೋಗಿಲ್ಲ. ತಡವಾಗಿ ಸಿಕ್ಕ ಬಿ12 ಕಳೆದುಹೋದ ನರವನ್ನೆಲ್ಲ ವಾಪಸ್ ತರುವುದಿಲ್ಲ. ಆರು ವರ್ಷದ ‘ಏನೂ ಇಲ್ಲ’ದ ಬೆಲೆ ಅದು.

ನಮ್ಮ ಪಾಲಿನ ತಪ್ಪು

ಮದ್ದು ತೆಗೆಯುವವನ ವಿಳಾಸ ದೊಡ್ಡಮ್ಮನಿಗೆ ಎಲ್ಲಿ ಸಿಕ್ಕಿತು ಅಂತ ಕೇಳಿದೆವು. “ಪೇಪರ್ನಲ್ಲಿ ಬಂದಿತ್ತಲ್ಲಪ್ಪಾ, ಓದಿ ಹೇಳಿದ್ರು,” ಅಂದರು.

ಯಾವ ಪೇಪರು ಅಂತ ಮುಂದೆ ಕೇಳಲು ನಮಗೆ ಧೈರ್ಯ ಬರಲಿಲ್ಲ. ಯಾಕೆಂದರೆ ಹಬ್ಬದ ವಿಶೇಷಾಂಕಕ್ಕೆ ಅಂಥ ಜಾಹೀರಾತು ತಂದುಕೊಟ್ಟವರಲ್ಲಿ ನಾವೂ ಇದ್ದೇವೆ. ಸ್ಟ್ರಿಂಗರ್‌ಗಳ ಕಷ್ಟ ನಿಮಗೂ ಗೊತ್ತು. ಸುದ್ದಿಗೆ ಸಿಗುವ ದುಡ್ಡಿನಲ್ಲಿ ಪೆಟ್ರೋಲ್ ಕೂಡ ಗಿಟ್ಟುವುದಿಲ್ಲ, ಜಾಹೀರಾತಿನ ಕಮಿಷನ್ನೇ ಗತಿ. ‘ಹೊಟ್ಟೆಯ ಮದ್ದು ತೆಗೆಯಲಾಗುವುದು’ ಅನ್ನುವ ನಾಲ್ಕು ಸಾಲು, ಒಂದು ಫೋನ್ ನಂಬರ್. ಅದರಲ್ಲಿ ಯಾವ ಮನೆಯ ಸೊಸೆ ತವರಿಗೆ ಹೋಗುತ್ತಾಳೆ ಅಂತ ಕಮಿಷನ್ ಎಣಿಸುವಾಗ ಯಾರು ಯೋಚಿಸುತ್ತಾರೆ?

ಮಾಂತ್ರಿಕ ಚಿಕಿತ್ಸೆಯ ಜಾಹೀರಾತಿಗೆ ಕಡಿವಾಣ ಹಾಕುವ ಕಾನೂನು ಈ ದೇಶದಲ್ಲಿ 1954ರಿಂದ ಇದೆ. ಡಿಪ್ಲೊಮಾದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇವೆ. ಬೀದಿಗೆ ಬಂದ ಮೇಲೆ ಮರೆತೆವು. ಇನ್ನು ಅಂಥ ಜಾಹೀರಾತು ತರುವುದಿಲ್ಲ ಅಂತ ಇಲ್ಲಿ ಬರೆದು ಕೊಡುತ್ತಿದ್ದೇವೆ. ತಂದರೆ ಈ ಲೇಖನವನ್ನೇ ನಮಗೆ ವಾಟ್ಸಾಪ್ ಮಾಡಿ.

ಹಳ್ಳಿಗೆ ಬಂದ ವೈದ್ಯರೂ ಇದ್ದರು

‘ಹಳ್ಳಿಯವರ ಹೊಟ್ಟೆ ನೋವಿಗೆಲ್ಲ ಇಷ್ಟು ಪರೀಕ್ಷೆ ಮಾಡಲಾಗುತ್ತಾ?’ ಅಂತ ಕೇಳುವವರಿದ್ದಾರೆ. ಮಾಡಿದ್ದಾರೆ. ನಮ್ಮ ಕೋಲಾರದಿಂದ ಬಹಳ ದೂರವೇನೂ ಇಲ್ಲ, ವೆಲ್ಲೂರು. 1960ರ ದಶಕದ ಆರಂಭದಲ್ಲಿ ಅಲ್ಲಿನ ಉತ್ತರ ಆರ್ಕಾಟ್ ಜಿಲ್ಲೆಯ ಹಳ್ಳಿಗಳಲ್ಲಿ ನಿಲ್ಲದ ಭೇದಿ, ಸವೆಯುವ ಮೈ, ರಕ್ತಹೀನತೆ ಊರೂರಿಗೇ ಬಂತು. ಸಣ್ಣ ಕರುಳನ್ನೇ ಹಿಡಿಯುವ ಟ್ರಾಪಿಕಲ್ ಸ್ಪ್ರೂ ಅನ್ನುವ ಕಾಯಿಲೆ. ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್, ವಿ. ಐ. ಮಾಥನ್ ಮತ್ತವರ ತಂಡ ಹಳ್ಳಿಗಳಿಗೇ ಹೋಗಿ ಅದನ್ನು ಅಧ್ಯಯನ ಮಾಡಿತು. ರೋಗಿಗಳ ಕರುಳಿನ ಬ್ಯಾಕ್ಟೀರಿಯಾವನ್ನೂ, ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾವನ್ನೂ ತಾಳೆ ಹಾಕಿ ನೋಡಿದ ವರದಿ 1972ರಲ್ಲಿ ಅಲ್ಲಿಂದ ಬಂತು.

ಸ್ಪ್ರೂ ಬೇರೆ, ಸಿಬೋ ಬೇರೆ. ಆದರೆ ಆ ವೈದ್ಯರು ರೈತರ ಹೊಟ್ಟೆಯನ್ನು ‘ಗ್ಯಾಸ್’ ಅಂತ ತಳ್ಳಿಹಾಕಲಿಲ್ಲ. ಅಂದು ಆಸ್ಪತ್ರೆ ಹಳ್ಳಿಗೆ ಹೋಗಿತ್ತು. ಇಂದು ಹಳ್ಳಿ ರೈಲು ಹತ್ತಿ ಕೆಂಗೇರಿಗೆ ಬರಬೇಕು. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಯಿತು. ಜಿಲ್ಲೆಯ ಹೆಸರಿಗೆ ಬೆಂಗಳೂರು ಬಂತು, ನಮ್ಮ ದೊಡ್ಡಮ್ಮನ ಊರಿನ ಆಸ್ಪತ್ರೆಗೆ ಊದುವ ಯಂತ್ರ ಬರಲಿಲ್ಲ.

ನಾವು ಕೇಳುವುದು ಏನು?

ಒಂದು, ಚೀಟಿ ಇಲ್ಲದೆ ಗ್ಯಾಸ್ ಮಾತ್ರೆ ತಿಂಗಳುಗಟ್ಟಲೆ ಮಾರುವುದನ್ನು ಔಷಧ ನಿಯಂತ್ರಣ ಇಲಾಖೆ ನಿಲ್ಲಿಸಲಿ. ಪಟ್ಟಿಯ ಮೇಲಿನ ಎಚ್ಚರಿಕೆ ಕನ್ನಡದಲ್ಲೂ ಇರಲಿ.

ಎರಡು, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಸಿಗಲಿ. ಆಗದ ಮಾತಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ಅದನ್ನು ನೋಡಿ ಹೇಳುವ ವ್ಯವಸ್ಥೆ ಇದೇ ರಾಜ್ಯದಲ್ಲಿ ಆಗಿದೆ. ಉಸಿರನ್ನು ಚೀಲದಲ್ಲಿ, ಕೊಳವೆಯಲ್ಲಿ ಹಿಡಿದು ಬೇರೆ ಕಡೆ ಪರೀಕ್ಷೆಗೆ ಕಳಿಸಬಹುದು. ಹೃದಯಕ್ಕೆ ಮಾಡಿದ್ದನ್ನು ಹೊಟ್ಟೆಗೆ ಮಾಡಲು ಏನಡ್ಡಿ?

ಮೂರು, ವೈದ್ಯರಲ್ಲಿ ಒಂದು ವಿನಂತಿ. ನಿಮ್ಮ ಒಪಿಡಿ ಮುಂದಿನ ಸಾಲು ನಾವೂ ನೋಡಿದ್ದೇವೆ. ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಆ ಎರಡು ನಿಮಿಷದಲ್ಲಿ ಮೂರು ಪ್ರಶ್ನೆ ಕೇಳಿ: ಈ ಮಾತ್ರೆ ಎಷ್ಟು ದಿನದಿಂದ ತಗೋತಿದ್ದೀರಿ? ತೂಕ ಇಳಿದಿದೆಯಾ? ಹೊಟ್ಟೆಯ ಆಪರೇಷನ್ ಆಗಿದೆಯಾ? ಗೊತ್ತಾಗದಿದ್ದರೆ ‘ಗೊತ್ತಾಗಿಲ್ಲ, ಮುಂದೆ ತೋರಿಸಿ’ ಅನ್ನಿ. ‘ಏನೂ ಇಲ್ಲ’ ಅನ್ನಬೇಡಿ.

ನೀವು ಮಾಡಬೇಕಾದ್ದು

ಸರ್ಕಾರ ಮಾಡುವವರೆಗೆ ಕಾಯುತ್ತಾ ಕೂರುವ ಹಾಗಿಲ್ಲ. ಎರಡು ವಾರಕ್ಕಿಂತ ಹೆಚ್ಚು ಗ್ಯಾಸ್ ಮಾತ್ರೆ ಬೇಕಾಗುತ್ತಿದೆ ಅಂದರೆ ಅಂಗಡಿ ಬಿಟ್ಟು ವೈದ್ಯರ ಹತ್ತಿರ ಹೋಗಿ.

ತೂಕ ಇಳಿಯುವುದು, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ನಿಲ್ಲದ ವಾಂತಿ, ನುಂಗಲು ಕಷ್ಟ, ಸಂಜೆ ಜ್ವರ, ರಕ್ತ ಕಡಿಮೆ, ರಾತ್ರಿ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ಐವತ್ತು ದಾಟಿದ ಹೆಂಗಸರಿಗೆ ಹೊಸದಾಗಿ ಶುರುವಾದ ಹೊಟ್ಟೆ ಉಬ್ಬರ ವಾರಗಟ್ಟಲೆ ಹೋಗದಿದ್ದರೆ ಅಂಡಾಶಯದ ಸ್ಕ್ಯಾನಿಂಗ್ ಬಗ್ಗೆ ಕೇಳಿ. ಎದೆ ಭಾರ, ಬೆವರು, ಎಡಗೈ ಅಥವಾ ದವಡೆ ಸೆಳೆತ ಇದ್ದರೆ ಅದನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿಯುತ್ತಾ ಕೂರಬೇಡಿ. ಅದು ಹೃದಯಾಘಾತ ಇರಬಹುದು. ಮೊದಲು ಇಸಿಜಿ.

ಬೆಂಗಳೂರಿಗೆ ಬರಲೇಬೇಕಾದರೆ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಹತ್ತಿರ.

ಊಟದ ವಿಷಯ. ಸಿಬೋ ಇರುವವರಿಗೆ ಅವರೆಕಾಳು, ಕಡಲೆ, ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಉಬ್ಬರ ಹೆಚ್ಚಿಸಬಹುದು. ಆದರೆ ಇದ್ದದ್ದನ್ನೆಲ್ಲ ಒಂದೇ ಸಲ ಬಿಟ್ಟು ಇನ್ನಷ್ಟು ಸೊರಗಬೇಡಿ. ವೈದ್ಯರ ಸಲಹೆಯಂತೆ ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ಸೇರಿಸಿ, ಯಾವುದು ಆಗುವುದಿಲ್ಲ ಅಂತ ಗುರುತು ಹಾಕಿಕೊಳ್ಳಿ. ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೆ ಉಬ್ಬರ ಕಡಿಮೆ. ದಿನವಿಡೀ ಬಾಯಾಡಿಸುವ ಬದಲು ಊಟ ಊಟದ ನಡುವೆ ಮೂರು ನಾಲ್ಕು ಗಂಟೆ ಬಿಟ್ಟರೆ ಕರುಳಿಗೆ ಗುಡಿಸಿಕೊಳ್ಳಲು ಬಿಡುವು ಸಿಗುತ್ತದೆ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು.

ಸೊಸೆಯ ವಿಷಯ ಹೇಳದೆ ಮುಗಿಸಲಾಗದು. ರಿಪೋರ್ಟ್ ಬಂದ ವಾರವೇ ದೊಡ್ಡಮ್ಮ ತಾವೇ ಹೋಗಿ ಕರೆದರು. ಬೀಗರ ಮನೆಯ ಜಗಲಿ ಮೇಲೆ ಎಲ್ಲರ ಮುಂದೆ, “ತಪ್ಪಾಯ್ತು ಕಣವ್ವಾ, ಮದ್ದಲ್ಲ, ಅದೇನೋ ಹುಳ ಬೆಳೆದಿತ್ತಂತೆ,” ಅಂದರು. ಅವಳು ಬಂದಳು. ಈಗ ಚೆನ್ನಾಗಿದ್ದಾರೆ. ಆದರೆ ಇವತ್ತಿಗೂ ಅತ್ತೆಗೆ ಬಡಿಸುವ ಮೊದಲು ಅದೇ ಪಾತ್ರೆಯಿಂದ ಒಂದು ತುತ್ತು ತಾನು ತಿಂದು ತೋರಿಸುತ್ತಾಳೆ. ಬೇಡ ಅಂತ ದೊಡ್ಡಮ್ಮ ಎಷ್ಟು ಹೇಳಿದರೂ ಬಿಟ್ಟಿಲ್ಲ.

ನಿಮ್ಮ ಮನೆಯಲ್ಲೂ ಖಾಲಿ ಪಟ್ಟಿಗಳ ಚೀಲವೊಂದು ಇರಬಹುದು. ಬಿಸಾಡಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತಗೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ‘ಇಷ್ಟು ನುಂಗಿದ್ದೇನೆ, ಇನ್ನೂ ವಾಸಿಯಾಗಿಲ್ಲ, ನನಗೆ ಏನಾಗಿದೆ ಅಂತ ಹೇಳಿ’ ಅಂತ ಕೇಳಿ. ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.